ಮುಂಬಯಿಯ ದೂರವಾಣಿ: ಊರಿಗೆ ಮಾತು ತಲುಪಿದ ಬಗೆ

ಮುಂಬಯಿಯ ಕನ್ನಡಿಗರ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಹೋಟೆಲು, ರಾತ್ರಿಶಾಲೆ, ಬ್ಯಾಂಕು, ಗಿರಣಿ, ಭಜನಮಂದಿರ, ನಾಟಕಸಂಘ ಇವುಗಳಿಂದ ಆರಂಭಿಸುತ್ತಾರೆ. ಅದು ಸರಿಯೇ. ಹೊಟ್ಟೆಪಾಡಿಗಾಗಿ ಹಡಗು ಹತ್ತಿಯೋ, ಬಸ್ಸು ರೈಲುಗಳನ್ನು ಬದಲಿಸುತ್ತಲೋ ಈ ಮಹಾನಗರವನ್ನು ಸೇರಿದ ನಮ್ಮ ಹಿರಿಯರು ಇಲ್ಲಿ ಕಟ್ಟಿದ್ದನ್ನು ರಾಜ್ಯೋತ್ಸವದ ಸಮಯದಲ್ಲಿ ನೆನೆಯುವುದು ನಮ್ಮ ಕರ್ತವ್ಯವೂ ಹೌದು. ಆದರೆ ಅದೇ ಹಿರಿಯರು ಊರಿನಲ್ಲಿ ಬಿಟ್ಟುಬಂದ ತಾಯಿತಂದೆಗಳೊಡನೆ, ಹೆಂಡತಿ ಮಕ್ಕಳೊಡನೆ ಮಾತನಾಡಿದ್ದು ಹೇಗೆ ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಕಾಗದ ಬರೆದರು, ಮನಿಯಾರ್ಡರು ಕಳುಹಿಸಿದರು, ತೀರಾ ಅವಸರವಾದಾಗ ತಂತಿ ಕೊಟ್ಟರು. ಇದೆಲ್ಲ ಎಲ್ಲರಿಗೂ ಗೊತ್ತು. ಬಾಯಿಮಾತು, ಅಂದರೆ ಧ್ವನಿ, ಮುಂಬಯಿಯಿಂದ ಊರಿಗೆ ಹೋದದ್ದು ಯಾವಾಗ, ಯಾವ ದಾರಿಯಲ್ಲಿ, ಎಷ್ಟು ಮೆಟ್ಟಿಲು ಹತ್ತಿ ಇಳಿದು?

ಮೆಟ್ಟಿಲು ಎಂಬ ಮಾತನ್ನು ಬರಿಯ ಅಲಂಕಾರಕ್ಕಾಗಿ ಬಳಸಿಲ್ಲ. ಸಾರ್ವಜನಿಕ ದೂರವಾಣಿಯ ಜಾಲವು ಹುಟ್ಟಿದಂದಿನಿಂದ ಸುಮಾರು ನೂರು ವರ್ಷಗಳ ಕಾಲ ನಿಜವಾಗಿಯೂ ಮೆಟ್ಟಿಲು ಮೆಟ್ಟಿಲಾಗಿಯೇ ಬೆಳೆಯಿತು. ನಮ್ಮ ಕಂದಾಯ ಇಲಾಖೆಯಲ್ಲಿ ಶಾನುಭೋಗರ ಮೇಲೆ ತಹಶೀಲದಾರರು, ತಹಶೀಲದಾರರ ಮೇಲೆ ಜಿಲ್ಲಾಧಿಕಾರಿಗಳು ಇದ್ದಂತೆಯೇ ದೂರವಾಣಿಯಲ್ಲಿಯೂ ಹಳ್ಳಿಯ ಎಕ್ಸ್‌ಚೇಂಜು, ಅದರ ಮೇಲೆ ತಾಲ್ಲೂಕಿನದು, ಅದರ ಮೇಲೆ ಜಿಲ್ಲೆಯದು, ಎಲ್ಲಕ್ಕೂ ಮೇಲೆ ಮಹಾನಗರದ ಟ್ರಂಕ್ ಎಕ್ಸ್‌ಚೇಂಜು. ಮೇಲಿನ ಮೆಟ್ಟಿಲಲ್ಲಿ ನಿಂತವನ ಮಾತು ಬೇಗ ಹೋಗುತ್ತಿತ್ತು. ಕೆಳಗಿನ ಮೆಟ್ಟಿಲಲ್ಲಿ ನಿಂತವನು ಕಾಯುತ್ತಿದ್ದ. ಪರವೂರಿಗೆ ಬಂದ ಕನ್ನಡಿಗನ ಸ್ಥಿತಿ ವಿಚಿತ್ರವಾಗಿತ್ತು. ಅವನು ನಿಂತದ್ದು ದೇಶದ ಅತಿ ಎತ್ತರದ ಮೆಟ್ಟಿಲುಗಳಲ್ಲೊಂದಾದ ಮುಂಬಯಿಯಲ್ಲಿ. ಅವನ ಮಾತು ತಲುಪಬೇಕಾದದ್ದು ಅತಿ ಕೆಳಗಿನ ಮೆಟ್ಟಿಲಿಗೆ.

ನಗರಕ್ಕೆ ಬಂದ ಹೊಸ ಯಂತ್ರ

ಅಲೆಕ್ಸಾಂಡರ್ ಗ್ರಹಾಂ ಬೆಲ್ ಅಮೆರಿಕದಲ್ಲಿ ತನ್ನ ದೂರವಾಣಿಗೆ ಪೇಟೆಂಟು ಪಡೆದದ್ದು ೧೮೭೬ರಲ್ಲಿ. ಎರಡೇ ವರ್ಷಗಳಲ್ಲಿ, ೧೮೭೮ರ ಜನವರಿಯಲ್ಲಿ, ಅಲ್ಲಿಯ ನ್ಯೂ ಹೇವನ್ ನಗರದಲ್ಲಿ ಮೊದಲ ವಾಣಿಜ್ಯ ಎಕ್ಸ್‌ಚೇಂಜು ಕೇವಲ ೨೧ ಮಂದಿ ಚಂದಾದಾರರೊಡನೆ ಆರಂಭವಾಯಿತು. ಈ ಸುದ್ದಿ ಹಿಂದೂಸ್ಥಾನಕ್ಕೆ ಬರಲು ತಡವಾಗಲಿಲ್ಲ. ೧೮೮೦ರಲ್ಲಿ ಎರಡು ಇಂಗ್ಲಿಷ್ ಕಂಪೆನಿಗಳು ಇಲ್ಲಿ ಎಕ್ಸ್‌ಚೇಂಜು ತೆರೆಯಲು ಸರಕಾರದ ಅಪ್ಪಣೆ ಕೇಳಿದವು. ತಂತಿಯಂತೆ ದೂರವಾಣಿಯೂ ಸರಕಾರದ ಏಕಸ್ವಾಮ್ಯ, ಆ ಕೆಲಸವನ್ನು ತಾನೇ ಮಾಡುವೆನೆಂದು ಸರಕಾರ ಮೊದಲು ನಿರಾಕರಿಸಿತು. ಮರುವರ್ಷ ಮನಸ್ಸು ಬದಲಿಸಿ ಓರಿಯೆಂಟಲ್ ಟೆಲಿಫೋನ್ ಕಂಪೆನಿಗೆ ಕಲಕತ್ತೆ, ಮುಂಬಯಿ, ಮದರಾಸು, ಕರಾಚಿ, ಅಹಮದಾಬಾದುಗಳಿಗೆ ಪರವಾನಗಿ ಕೊಟ್ಟಿತು. ೧೮೮೨ರ ಜನವರಿ ೨೮ರಂದು ಕಲಕತ್ತೆ, ಮುಂಬಯಿ, ಮದರಾಸುಗಳ ಎಕ್ಸ್‌ಚೇಂಜುಗಳು ತೆರೆದವೆಂದು ಗವರ್ನರ್ ಜನರಲರ ಮಂತ್ರಾಲೋಚನ ಸಭೆಯ ಸದಸ್ಯರಾದ ಮೇಜರ್ ಬೇರಿಂಗ್ ಸಾರಿದರು. ಅಂದು ಕಲಕತ್ತೆಯ ಚಂದಾದಾರರ ಸಂಖ್ಯೆ ೯೩.

ಆ ಚಂದಾದಾರರು ಯಾರು? ಹತ್ತಿಯ ವ್ಯಾಪಾರಿಗಳು, ಹಡಗಿನ ಏಜೆಂಟರು, ಬ್ಯಾಂಕುಗಳು, ಗಿರಣಿಯ ಒಡೆಯರು, ಸರಕಾರದ ಕಚೇರಿಗಳು. ಕೋಟೆಯ ಕಚೇರಿಯಿಂದ ಬಂದರಿಗೆ, ಬಂದರಿನಿಂದ ಗಿರಣಿಗೆ ಒಂದು ಮಾತು ಹೇಳುವುದಷ್ಟೇ ಅದರ ಉಪಯೋಗ. ಆಗಿನ ದೂರವಾಣಿ ಊರಿನೊಳಗಿನ ಸೇವಕ. ಊರಿಂದೂರಿಗೆ ಹೋಗುವ ದೂತನಾಗಿರಲಿಲ್ಲ. ಆ ಕೆಲಸ ತಂತಿಯದೇ ಆಗಿತ್ತು. ೧೮೫೫ರಿಂದಲೇ ಸಾರ್ವಜನಿಕರಿಗೆ ತೆರೆದಿದ್ದ ತಂತಿ ದೇಶದ ಮೂಲೆ ಮೂಲೆಗೂ ಹರಡಿತ್ತು.

ಮುಂಬಯಿಯ ದೂರವಾಣಿಯನ್ನು ಹಲವು ದಶಕಗಳ ಕಾಲ ಬಾಂಬೆ ಟೆಲಿಫೋನ್ ಕಂಪೆನಿಯೇ ನಡೆಸಿತು. ೧೯೪೩ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಸರಕಾರ ಮುಂಬಯಿ, ಕಲಕತ್ತೆ, ಮದರಾಸುಗಳ ಕಂಪೆನಿಗಳನ್ನು ಕೊಂಡು ಅಂಚೆ ತಂತಿ ಇಲಾಖೆಗೆ ಒಪ್ಪಿಸಿತು. ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿ ಇದ್ದ ದೂರವಾಣಿಗಳು ಸುಮಾರು ೮೦ ಸಾವಿರ. ಇಂದು ನಮ್ಮ ಉಪನಗರದ ಒಂದು ಬಡಾವಣೆಯಲ್ಲಿಯೇ ಅದಕ್ಕಿಂತ ಹೆಚ್ಚು ಮೊಬೈಲುಗಳಿರಬಹುದೆಂಬುದನ್ನು ನೆನೆದರೆ ಆ ಕಾಲದ ಬಡತನ ಅರ್ಥವಾಗುತ್ತದೆ.

ಮೆಟ್ಟಿಲು ಏಕೆ ಬೇಕಾಯಿತು?

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು, ವಾಚಕರು ಬೇಸರಿಸಬಾರದು. ಒಂದು ಚಾಳಿನ ಹತ್ತು ಖೋಲಿಗಳಲ್ಲಿ ಹತ್ತು ದೂರವಾಣಿಗಳಿವೆ ಎಂದಿಟ್ಟುಕೊಳ್ಳೋಣ. ಪ್ರತಿಯೊಬ್ಬರಿಗೂ ಉಳಿದವರೊಡನೆ ನೇರ ತಂತಿ ಎಳೆಯಬೇಕಾದರೆ ೪೫ ತಂತಿಗಳು ಬೇಕು. ನೂರು ದೂರವಾಣಿಗಳಾದರೆ ೪,೯೫೦. ಹತ್ತು ಸಾವಿರವಾದರೆ ಸುಮಾರು ಐದು ಕೋಟಿ! ಆದುದರಿಂದ ಎಲ್ಲರ ತಂತಿಯನ್ನೂ ಒಂದು ಮನೆಗೆ ಎಳೆದು, ಬೇಕಾದಾಗ ಬೇಕಾದವರನ್ನು ಜೋಡಿಸುವ ಏರ್ಪಾಡು ಹುಟ್ಟಿತು. ಅದೇ ಎಕ್ಸ್‌ಚೇಂಜು. ಹತ್ತು ಸಾವಿರ ಮಂದಿಗೆ ಹತ್ತು ಸಾವಿರ ತಂತಿ ಸಾಕಾಯಿತು.

ಆದರೆ ಎಕ್ಸ್‌ಚೇಂಜುಗಳೇ ನೂರಾರು ಸಾವಿರಾರು ಆದಾಗ ಅದೇ ತೊಡಕು ಮತ್ತೆ ಬಂತು. ಪ್ರತಿ ಊರಿಂದ ಪ್ರತಿ ಊರಿಗೆ ತಂತಿ ಎಳೆಯುವಷ್ಟು ತಾಮ್ರ ಯಾವ ದೇಶದಲ್ಲಿದೆ? ಉಪಾಯ ಮಾತ್ರ ಹಳೆಯದೇ. ಹಲವು ಎಕ್ಸ್‌ಚೇಂಜುಗಳನ್ನು ಒಂದು ದೊಡ್ಡ ಎಕ್ಸ್‌ಚೇಂಜಿಗೆ ಜೋಡಿಸುವುದು. ಅಂಥ ಹಲವು ದೊಡ್ಡವನ್ನು ಇನ್ನೂ ದೊಡ್ಡದಕ್ಕೆ ಜೋಡಿಸುವುದು. ನಮ್ಮ ಗದ್ದೆಯ ಕಾಲುವೆ ತೋಡನ್ನು, ತೋಡು ಹೊಳೆಯನ್ನು ಸೇರುವ ಹಾಗೆ. ಅಮೆರಿಕದ ದೂರವಾಣಿ ಕಂಪೆನಿ ೧೯೨೯ರಲ್ಲಿ ಇಂಥ ಕ್ರಮವನ್ನು ಇಡೀ ದೇಶಕ್ಕೆ ಹಾಕಿಕೊಟ್ಟಿತು. ಮುಂದೆ ಅದು ಐದು ಶ್ರೇಣಿಗಳಾಗಿ ನಿಂತಿತು. ಚಂದಾದಾರನ ಎಕ್ಸ್‌ಚೇಂಜು ಐದನೆಯ ಶ್ರೇಣಿ. ದೇಶಕ್ಕೆಲ್ಲ ಹತ್ತೇ ಹತ್ತಾಗಿದ್ದ ಪ್ರಾದೇಶಿಕ ಕೇಂದ್ರಗಳು ಮೊದಲನೆಯ ಶ್ರೇಣಿ. ಕರೆಯು ಕೆಳಗಿನಿಂದ ಏರಿ, ಮೇಲೆ ಅಡ್ಡ ಹಾಯ್ದು, ಆ ಕಡೆ ಇಳಿಯಬೇಕು. ಎರಡು ಊರುಗಳ ನಡುವೆ ಮಾತಿನ ದಟ್ಟಣೆ ಹೆಚ್ಚಾಗಿದ್ದರೆ ಅವುಗಳ ನಡುವೆ ಒಂದು ನೇರ ಅಡ್ಡದಾರಿಯನ್ನೂ ಹಾಕಬಹುದು. ಅದು ತುಂಬಿದಾಗ ಮತ್ತೆ ಮೆಟ್ಟಿಲಿನ ದಾರಿಯೇ ಗತಿ.

ನಮ್ಮ ದೇಶದಲ್ಲಿ ನೆಲೆಗೊಂಡ ಶ್ರೇಣಿಯೂ ಇದೇ ಜಾತಿಯದು. ಸುಮಾರಾಗಿ ತಾಲ್ಲೂಕಿನಷ್ಟಗಲದ, ಎರಡು ಸಾವಿರದ ಆರುನೂರಕ್ಕೂ ಮೇಲ್ಪಟ್ಟ ಅಲ್ಪದೂರ ವಲಯಗಳು. ಅವುಗಳ ಮೇಲೆ ಸುಮಾರಾಗಿ ಜಿಲ್ಲೆಯಷ್ಟಗಲದ ೩೨೨ ಬಹುದೂರ ವಲಯಗಳು, ಅವುಗಳಲ್ಲಿ ಎರಡನೆಯ ದರ್ಜೆಯ ಟ್ರಂಕ್ ಎಕ್ಸ್‌ಚೇಂಜುಗಳು. ಎಲ್ಲಕ್ಕೂ ಮೇಲೆ ಒಂದನೆಯ ದರ್ಜೆಯ ೨೧ ಟ್ರಂಕ್ ಎಕ್ಸ್‌ಚೇಂಜುಗಳು. ಈ ೨೧ ಮಾತ್ರ ಒಂದಕ್ಕೊಂದು ನೇರವಾಗಿ ಜೋಡಣೆಯಾದವು. ಅದಕ್ಕೆ ೨೧೦ ಮಾರ್ಗಗಳು ಸಾಕು. ತಾಲ್ಲೂಕು ವಲಯಗಳನ್ನೆಲ್ಲ ಹೀಗೆ ನೇರವಾಗಿ ಜೋಡಿಸಹೊರಟಿದ್ದರೆ ಮೂವತ್ತಮೂರು ಲಕ್ಷಕ್ಕೂ ಮೇಲ್ಪಟ್ಟು ಮಾರ್ಗಗಳು ಬೇಕಾಗುತ್ತಿದ್ದವು. ಮುಂಬಯಿ ಈ ೨೧ರಲ್ಲಿ ಒಂದು, ಬೆಂಗಳೂರು ಇನ್ನೊಂದು. ಮಾಟುಂಗಾದ ಮನೆಯಿಂದ ಕಾರ್ಕಳದ ಕಡೆಯ ಹಳ್ಳಿಗೆ ಹೊರಟ ಮಾತು ಮಾಟುಂಗಾದ ಎಕ್ಸ್‌ಚೇಂಜು, ಮುಂಬಯಿಯ ಟ್ರಂಕ್, ಬೆಂಗಳೂರಿನ ಟ್ರಂಕ್, ಮಂಗಳೂರು, ಕಾರ್ಕಳ, ಕೊನೆಗೆ ಹಳ್ಳಿಯ ಎಕ್ಸ್‌ಚೇಂಜು, ಹೀಗೆ ಏರಿ ಇಳಿಯುವುದು ಈ ಏರ್ಪಾಡಿನ ರಾಜಮಾರ್ಗ. ಕರಾವಳಿಯುದ್ದಕ್ಕೂ ನೇರ ಇಳಿದರೆ ಸಿಗುವ ಊರಿಗೆ ಮಾತು ಘಟ್ಟ ಹತ್ತಿ ಬೆಂಗಳೂರು ನೋಡಿಕೊಂಡು ಮತ್ತೆ ಘಟ್ಟ ಇಳಿಯಬೇಕು!

ಮೇಲಿನ ಮೆಟ್ಟಿಲಿನ ತಂತಿಗಳು ಎಷ್ಟಿರಬೇಕೆಂಬುದಕ್ಕೂ ಒಂದು ಶಾಸ್ತ್ರವಿದೆ. ಕೋಪನ್‌ಹೇಗನ್ನಿನ ದೂರವಾಣಿ ಕಂಪೆನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞರು ೧೯೦೯ರಲ್ಲಿ ಅದಕ್ಕೆ ತಳಹದಿ ಹಾಕಿದರು. ಸಾವಿರ ಮಂದಿ ಚಂದಾದಾರರಿದ್ದರೂ ಒಂದೇ ಗಳಿಗೆಯಲ್ಲಿ ಮಾತನಾಡುವವರು ಕೆಲವರೇ. ಆ ಕೆಲವರಿಗೆ ಸಾಕಾಗುವಷ್ಟು ತಂತಿ ಹಾಕಿದರೆ ಆಯಿತು. ಆದರೆ ದೀಪಾವಳಿಯ ದಿನ ಎಲ್ಲರಿಗೂ ಒಮ್ಮೆಲೇ ಊರಿನ ನೆನಪಾದರೆ? "ಇಸ್ ರೂಟ್ ಕೀ ಸಭೀ ಲಾಯಿನೇಂ ವ್ಯಸ್ತ ಹೈಂ" ಎಂಬ ಅಶರೀರವಾಣಿಯನ್ನು ಕೇಳಿ ಕೇಳಿ ರಿಸೀವರು ಕೆಳಗಿಟ್ಟವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಅದು ಎರ್ಲಾಂಗರ ಲೆಕ್ಕ ಹಬ್ಬದ ಮುಂದೆ ಸೋತ ಗಳಿಗೆ.

ಟ್ರಂಕ್ ಕಾಲಿನ ಕಾಲ

ಯಂತ್ರಗಳು ಈ ಕೆಲಸ ಮಾಡುವ ಮೊದಲು ಪ್ರತಿಯೊಂದು ಮೆಟ್ಟಿಲಲ್ಲಿಯೂ ಒಬ್ಬ ಮನುಷ್ಯ ಕುಳಿತಿರುತ್ತಿದ್ದ, ಬಹುಮಟ್ಟಿಗೆ ಯುವತಿ. ನೀವು ೧೮೦ಕ್ಕೆ ಕರೆದು ಟ್ರಂಕ್ ಕಾಲ್ ಬರೆಸಬೇಕು. ನಿಮ್ಮ ನಂಬರು, ಬೇಕಾದ ಊರು, ಬೇಕಾದ ನಂಬರು ಹೇಳಿ ರಿಸೀವರು ಇಟ್ಟು ಕಾಯಬೇಕು. ಮುಂಬಯಿಯ ಆಪರೇಟರು ಮುಂದಿನ ಕೇಂದ್ರದ ಆಪರೇಟರನ್ನು ಕರೆದು, ಅವರು ಅದರ ಮುಂದಿನವರನ್ನು ಕರೆದು, ಎಲ್ಲ ಕೊಂಡಿಗಳೂ ಒಂದೇ ಕಾಲಕ್ಕೆ ಬಿಡುವಾಗಿದ್ದರೆ ಮಾತು ಕೂಡುತ್ತಿತ್ತು. ಸಾಧಾರಣ ಕರೆ, ಅರ್ಜೆಂಟ್ ಕರೆ, ಅದಕ್ಕೂ ಮೇಲೆ ಹಲವು ಪಟ್ಟು ದರದ ಲೈಟ್ನಿಂಗ್ ಕರೆ ಎಂದು ಇದರಲ್ಲಿಯೂ ದರ್ಜೆಗಳು. ಸಾಧಾರಣ ಕರೆಗೆ ಬೆಳಿಗ್ಗೆ ಬರೆಸಿ ಸಂಜೆಯವರೆಗೆ ಕಾದವರಿದ್ದರು. ಕೂಡಿದ ಮೇಲೆ ಮೂರು ನಿಮಿಷ; ಮೂರು ನಿಮಿಷ ಮುಗಿದೊಡನೆ ನಡುವೆ ಆಪರೇಟರಿನ ಧ್ವನಿ.

ಆ ಕಡೆ, ಹಳ್ಳಿಯಲ್ಲಿ, ಕರೆಯನ್ನು ಎತ್ತುವವರು ಯಾರು? ಮನೆಗಳಲ್ಲಿ ದೂರವಾಣಿ ಇರಲಿಲ್ಲ. ಇದ್ದರೆ ಟಪಾಲು ಕಚೇರಿಯಲ್ಲಿ ಒಂದು, ಇಲ್ಲವೇ ಪೇಟೆಯ ಸಾಹುಕಾರರ ಅಂಗಡಿಯಲ್ಲಿ ಒಂದು. ಇಂಥವರನ್ನೇ ಕರೆಸಿ ಎಂದು ಹೇಳುವ ಪಿ. ಪಿ. ಕರೆಗೆ ಬೇರೆ ದರ. ಟಪಾಲಿನ ಜವಾನ ಗದ್ದೆಯ ಬದುವಿನ ಮೇಲೆ ಓಡಿ ಹೋಗಿ, "ನಿಮ್ಮ ಮಗನ ಫೋನು ಬಂದಿದೆ, ಬೊಂಬಾಯಿಂದ" ಎಂದು ಕೂಗಬೇಕು. ಆ ಕೂಗು ಕೇಳಿದ ತಾಯಿಯ ಎದೆ ಧಸಕ್ಕೆನ್ನುತ್ತಿದ್ದುದು ಸಹಜ. ಅಷ್ಟು ದುಡ್ಡು ಖರ್ಚು ಮಾಡಿ ಯಾರೂ ಕುಶಲ ಕೇಳುವುದಕ್ಕೆ ಟ್ರಂಕ್ ಕಾಲ್ ಮಾಡುತ್ತಿರಲಿಲ್ಲ. ತಂತಿಯಂತೆಯೇ ದೂರವಾಣಿಯೂ ಮೊದಮೊದಲು ಸಾವಿನ, ಕಾಯಿಲೆಯ, ಕೋರ್ಟಿನ ಸುದ್ದಿಯನ್ನೇ ಹೊತ್ತು ಬರುತ್ತಿತ್ತು. ಒಂದು ತಲೆಮಾರಿನವರಿಗೆ ಅದರ ಗಂಟೆಯೆಂದರೆ ಭಯ.

ಈ ಕಡೆ ಮುಂಬಯಿಯಲ್ಲಿಯೂ ಸ್ಥಿತಿ ಅಷ್ಟೇನೂ ಭಿನ್ನವಾಗಿರಲಿಲ್ಲ. ಚಾಳಿನ ಖೋಲಿಯಲ್ಲಿ ಇರುವವನಿಗೆ ದೂರವಾಣಿ ಎಲ್ಲಿಯದು? ಹೋಟೆಲಿನ ಗಲ್ಲೆಯ ಮೇಲಿದ್ದ ಕರಿಯ ಪೆಟ್ಟಿಗೆಯೇ ಮಾಣಿಗಳಿಗೂ, ಅಡುಗೆಯವರಿಗೂ, ಅವರ ಊರಿನವರಿಗೂ ವಿಳಾಸ. ಮುಂದೆ ಒಂದು ಕಟ್ಟಡಕ್ಕೆ ಒಂದೆರಡು ಮನೆಗಳಲ್ಲಿ ದೂರವಾಣಿ ಬಂದಾಗ ಮದುವೆಯ ಕರೆಯೋಲೆಗಳಲ್ಲಿಯೂ ಭೇಟಿ ಚೀಟಿಗಳಲ್ಲಿಯೂ ನಂಬರಿನ ಮುಂದೆ "ಪಿ. ಪಿ." ಎಂದು ಅಚ್ಚಾಗತೊಡಗಿತು, ಅದು ನೆರೆಮನೆಯ ನಂಬರು, ದಯವಿಟ್ಟು ಕರೆಯಿರಿ ಎಂದು ಅರ್ಥ. ಸ್ವಂತ ದೂರವಾಣಿಗೆ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾದರು. ಅರ್ಜಿ ಹಾಕುವಾಗ ಹುಟ್ಟಿದ ಮಗು ಶಾಲೆ ಸೇರಿದ ಮೇಲೆ ದೂರವಾಣಿ ಬಂತೆಂಬ ಹಾಸ್ಯವು ಎಷ್ಟೋ ಮನೆಗಳಲ್ಲಿ ಹಾಸ್ಯವಾಗಿರಲಿಲ್ಲ. ನೆರೆಮನೆಯವರ ಔದಾರ್ಯವೇ ಆ ವರ್ಷಗಳಲ್ಲಿ ನಮ್ಮ ಜಾಲದ ಕೊನೆಯ ಮೆಟ್ಟಿಲು.

ಬೆಂಗಳೂರಿನ ಪೆಟ್ಟಿಗೆ, ಮುಂಬಯಿಯ ಅಂಕೆ

ಆಪರೇಟರಿನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಕೀರ್ತಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುತ್ತಿದ್ದ ಆಲ್ಮನ್ ಸ್ಟ್ರೌಜರನಿಗೆ ಸಲ್ಲಬೇಕು. ಆಪರೇಟರಮ್ಮ ತನಗೆ ಬರುವ ಗಿರಾಕಿಗಳ ಕರೆಯನ್ನು ತನ್ನ ಪ್ರತಿಸ್ಪರ್ಧಿಗೆ ತಿರುಗಿಸುತ್ತಾಳೆಂಬ ಸಂಶಯದಿಂದ ಅವನು ಈ ಸಾಹಸಕ್ಕೆ ಕೈಹಾಕಿದನೆಂದು ಪ್ರತೀತಿ. ೧೮೯೧ರಲ್ಲಿ ಪೇಟೆಂಟು ದೊರೆಯಿತು. ಮರುವರ್ಷ ಲಾ ಪೋರ್ಟ್ ಎಂಬ ಊರಿನಲ್ಲಿ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜು ನಡೆಯಿತು. ನಮ್ಮ ದೇಶದಲ್ಲಿ ಇಂಥದು ಮೊದಲು ಬಂದದ್ದು ೧೯೧೩-೧೪ರಲ್ಲಿ, ಸರಕಾರದ ಬೇಸಗೆಯ ರಾಜಧಾನಿಯಾಗಿದ್ದ ಶಿಮ್ಲಾಕ್ಕೆ. ನೀವು ತಿರುಗಿಸಿದ ಒಂದೊಂದು ಅಂಕೆಗೂ ಎಕ್ಸ್‌ಚೇಂಜಿನಲ್ಲಿ ಒಂದು ಕೈ ಅಷ್ಟು ಮೆಟ್ಟಿಲು ಮೇಲೇರಿ, ಅಡ್ಡ ತಿರುಗಿ, ಮುಂದಿನ ಕೈಗೆ ಮಾತನ್ನು ಒಪ್ಪಿಸುತ್ತಿತ್ತು. ಮೆಟ್ಟಿಲಿನ ತತ್ತ್ವವು ಯಂತ್ರದ ಹೊಟ್ಟೆಯೊಳಗೂ ಹೊಕ್ಕಿತು.

ಇಲ್ಲಿ ಕನ್ನಡಿಗರು ಅಭಿಮಾನಪಡಬೇಕಾದ ಸಂಗತಿಯೊಂದಿದೆ. ಸ್ವತಂತ್ರ ಭಾರತದ ಸರಕಾರ ಮೊಟ್ಟಮೊದಲು ಸ್ಥಾಪಿಸಿದ ಉದ್ದಿಮೆ ೧೯೪೮ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ಅದರ ಸುತ್ತ ಬೆಳೆದ ಊರಿಗೆ ಹೆಸರೇ ದೂರವಾಣಿ ನಗರ. ಸ್ಟ್ರೌಜರ್ ಮಾದರಿಯ ಎಕ್ಸ್‌ಚೇಂಜುಗಳೂ, ದಶಕಗಳ ಕಾಲ ದೇಶದ ಮನೆ ಮನೆಗಳಲ್ಲಿ ಕಂಡುಬಂದ ಭಾರವಾದ ಕರಿಯ ದೂರವಾಣಿಯೂ ಅಲ್ಲಿ ತಯಾರಾದವು. ಮುಂಬಯಿಯ ಮಾರವಾಡಿ ವ್ಯಾಪಾರಿ ಕಲಕತ್ತೆಯ ನೆಂಟನೊಡನೆ ಮಾತನಾಡಿದಾಗಲೂ ನಡುವೆ ನಮ್ಮ ಬೆಂಗಳೂರಿನ ಕೆಲಸಗಾರರ ಕೈಚಳಕವಿತ್ತು.

ಸ್ವಯಂಚಾಲಿತ ಯಂತ್ರಕ್ಕೆ ಅಂಕೆಯೇ ವಿಳಾಸ. ಆದುದರಿಂದ ನಗರದ ನಕ್ಷೆ ಅಂಕೆಗಳಲ್ಲಿ ಅಡಗಿತು. ಮುಂಬಯಿ ಮಹಾನಗರಪಾಲಿಕೆಯ ಗಡಿ ೧೯೫೦ರಲ್ಲಿ ಒಮ್ಮೆ, ೧೯೫೭ರಲ್ಲಿ ಇನ್ನೊಮ್ಮೆ ಉತ್ತರಕ್ಕೆ ಸರಿದು ದಹಿಸರ, ಮುಲುಂಡಗಳವರೆಗೆ ಮುಟ್ಟಿತು. ನಗರ ಬೆಳೆದಂತೆ ನಂಬರೂ ಬೆಳೆದು ಆರಂಕೆ, ಏಳಂಕೆಯಾಗಿ, ಈ ಶತಮಾನದ ಆರಂಭದಲ್ಲಿ ಮುಂದೆ ಒಂದು ೨ ಸೇರಿ ಎಂಟಂಕೆಯಾಯಿತು. ಏಳಂಕೆಯ ಕಾಲದ ಮೊದಲ ಅಂಕೆ ನೋಡಿದರೆ ಸಾಕು, ಮನೆ ಎಲ್ಲಿ ಎಂದು ಹೇಳಬಹುದಿತ್ತು. ೨ ಎಂದರೆ ಕೋಟೆಯ ಕಡೆ, ೩ ಎಂದರೆ ಗಾಮದೇವಿಯ ಸುತ್ತ, ೪ ಎಂದರೆ ದಾದರ್, ಮಾಟುಂಗಾ, ೫ ಎಂದರೆ ಘಾಟ್‌ಕೋಪರದಂಥ ಪೂರ್ವದ ಉಪನಗರಗಳು, ೬ ಎಂದರೆ ಬಾಂದ್ರಾ, ಅಂಧೇರಿ, ೭ ಎಂದರೆ ಖಾಡಿಯಾಚೆಯ ನವಿ ಮುಂಬಯಿ, ೮ ಎಂದರೆ ಮಲಾಡ್, ಬೋರಿವಲಿ. ನಮ್ಮವರು ಕೋಟೆಯ ಹೋಟೆಲುಗಳಿಂದ ಮಾಟುಂಗಾಕ್ಕೆ, ಅಲ್ಲಿಂದ ಉಪನಗರಗಳಿಗೆ ಸರಿದ ಕಥೆಯನ್ನು ಹಳೆಯ ಸಂಘಗಳ ಸದಸ್ಯರ ಪಟ್ಟಿಯಲ್ಲಿ ಈ ಒಂದು ಅಂಕೆಯ ಬದಲಾವಣೆಯಿಂದಲೇ ಓದಬಹುದು. ಬಾಡಿಗೆ ಕೊಡಲಾರದೆ ಇನ್ನೂ ದೂರ ಹೋದವರ ಕಥೆ ಬೇರೆ. ಠಾಣೆ ೦೨೨ರ ಒಳಗೆ ಉಳಿಯಿತು. ಆದರೆ ಲೋಕಲ್ ರೈಲಿನಲ್ಲಿ ಅದೇ ಜನರೊಡನೆ ನಿತ್ಯ ಕೋಟೆಗೆ ಬರುತ್ತಿದ್ದ ಡೊಂಬಿವಲಿ, ಕಲ್ಯಾಣಗಳ ಕನ್ನಡಿಗರಿಗೆ ೦೨೫೧, ವಸಯಿಯವರಿಗೆ ೦೨೫೦. ದೂರವಾಣಿಯ ಲೆಕ್ಕದಲ್ಲಿ ಅವರು ಪರವೂರಿನವರಾದರು.

ಸಂಕೇತಗಳಲ್ಲಿ ಕಂಡ ಕರ್ನಾಟಕ

ಆಪರೇಟರಿನ ಸಹಾಯವಿಲ್ಲದೆ ಚಂದಾದಾರನೇ ಪರವೂರಿನ ನಂಬರು ತಿರುಗಿಸುವ ಎಸ್. ಟಿ. ಡಿ. ಸೌಕರ್ಯ ನಮ್ಮ ದೇಶದಲ್ಲಿ ೧೯೬೦ರ ನವೆಂಬರಿನಲ್ಲಿ ಲಖನೌ, ಕಾನ್ಪುರಗಳ ನಡುವೆ ಮೊದಲಾಯಿತು. ಇದು ಹರಡಿದಂತೆ ಪ್ರತಿ ಊರಿಗೂ ಒಂದು ಸಂಕೇತ ಬೇಕಾಯಿತು. ಈ ಸಂಕೇತಗಳಲ್ಲಿಯೂ ಶ್ರೇಣಿಯಿದೆ. ಸೊನ್ನೆಯ ನಂತರದ ಮೊದಲ ಅಂಕೆ ದೇಶದ ಒಂದು ದೊಡ್ಡ ಭಾಗ, ಎರಡನೆಯದು ಅದರೊಳಗಿನ ಭಾಗ, ಹೀಗೆ. ದೊಡ್ಡ ನಗರಕ್ಕೆ ಚಿಕ್ಕ ಸಂಕೇತ, ಉದ್ದ ನಂಬರು. ಚಿಕ್ಕ ಊರಿಗೆ ಉದ್ದ ಸಂಕೇತ, ಚಿಕ್ಕ ನಂಬರು. ಮುಂಬಯಿಗೆ ೦೨೨, ಬೆಂಗಳೂರಿಗೆ ಮೊದಲು ೦೮೧೨ ಇದ್ದು ಬಳಿಕ ೦೮೦. ಮಂಗಳೂರಿಗೆ ೦೮೨೪, ಕಾರ್ಕಳಕ್ಕೆ ೦೮೨೫೮. ಮೊದಲ ಸೊನ್ನೆಯನ್ನು ಬಿಟ್ಟು ಸಂಕೇತವನ್ನೂ ನಂಬರನ್ನೂ ಕೂಡಿಸಿದರೆ ಎಲ್ಲೆಡೆಯೂ ಹತ್ತೇ ಅಂಕೆ ಬರುವಂತೆ ಕೊನೆಗೆ ಹೊಂದಿಸಿದರು.

೧೯೫೬ರ ನವೆಂಬರ್ ೧ರ ಮೊದಲು ಕನ್ನಡ ನಾಡು ಹರಿದು ಹಂಚಿಹೋಗಿತ್ತೆಂಬುದನ್ನು ಈ ಸಂಚಿಕೆಯ ವಾಚಕರಿಗೆ ಹೇಳಬೇಕಾಗಿಲ್ಲ. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರಗಳು ಮುಂಬಯಿ ರಾಜ್ಯದಲ್ಲಿ, ಮಂಗಳೂರು, ಬಳ್ಳಾರಿಗಳು ಮದರಾಸಿನ ಆಳ್ವಿಕೆ ಕಂಡವು, ಗುಲ್ಬರ್ಗ, ರಾಯಚೂರು, ಬೀದರಗಳು ಹೈದರಾಬಾದಿನಲ್ಲಿ. ಸಂಕೇತಗಳ ಹಂಚಿಕೆ ಏಕೀಕರಣದ ನಂತರದ್ದಾದುದರಿಂದ ಹಳೆಯ ಗಡಿಗಳು ಅದರಲ್ಲಿ ಉಳಿಯಲಿಲ್ಲ. ಬೆಂಗಳೂರು, ತುಮಕೂರು, ಶಿವಮೊಗ್ಗಗಳ ಕಡೆ ೦೮೦, ೦೮೧, ಮೈಸೂರು, ಕೊಡಗು, ಕರಾವಳಿಗೆ ೦೮೨, ಬೆಳಗಾವಿ, ಹುಬ್ಬಳ್ಳಿ, ಕಾರವಾರ, ಬಳ್ಳಾರಿಗೆ ೦೮೩, ಗುಲ್ಬರ್ಗ, ಬೀದರಕ್ಕೆ ೦೮೪, ರಾಯಚೂರಿಗೆ ೦೮೫. ಗೋವೆಯೂ ಆಂಧ್ರದ ಭಾಗಗಳೂ ಇದೇ ೦೮ರಲ್ಲಿ ನಮ್ಮೊಡನೆ ಸೇರಿಕೊಂಡಿವೆಯಾದರೂ, ರಾಜ್ಯದ ಒಂದು ಜಿಲ್ಲೆಯೂ ೦೮ರಿಂದ ಹೊರಗಿಲ್ಲ. ಹೊರಗೆ ಉಳಿದವರು ಗಡಿಯಾಚೆಯ ಕನ್ನಡಿಗರು: ಕಾಸರಗೋಡಿಗೆ ೦೪೯೯೪, ಸೊಲ್ಲಾಪುರಕ್ಕೆ ೦೨೧೭, ಹೊಸೂರಿಗೆ ೦೪೩೪೪. ಮಂಗಳೂರಿನಿಂದ ರೈಲಿನಲ್ಲಿ ಒಂದು ಗಂಟೆಯ ಹಾದಿಯಾದ ಕಾಸರಗೋಡು ಅಂಕೆಗಳ ಲೋಕದಲ್ಲಿ ಬೇರೆ ಖಂಡವೇ ಆಯಿತು. ನಕ್ಷೆಯ ಗೆರೆಯು ಮನೆಯ ದೂರವಾಣಿಯವರೆಗೂ ಬಂದು ನಿಲ್ಲುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಾಲು ದರದ ರಾತ್ರಿಗಳು

ಮುಂಬಯಿಯಲ್ಲಿ ಯಂತ್ರಗಳು ಮುಂದೆ ಮುಂದೆ ಹೋದವು. ಒಂದೇ ತಂತಿಯಲ್ಲಿ ಹಲವು ಧ್ವನಿಗಳನ್ನು ಅಂಕೆಗಳಾಗಿ ಮಾರ್ಪ‌ಡಿಸಿ ಕಳುಹಿಸುವ ಹೊಸ ವಿಧಾನವು ನಮ್ಮ ದೇಶದಲ್ಲಿ ಮೊದಲು ಬಳಕೆಗೆ ಬಂದದ್ದು ೧೯೭೫ರಲ್ಲಿ, ಮುಂಬಯಿ ನಗರ ಮತ್ತು ಅಂಧೇರಿಯ ಎಕ್ಸ್‌ಚೇಂಜುಗಳ ನಡುವೆ. ೧೯೭೬ರಲ್ಲಿ ಇಲ್ಲಿಂದ ಲಂಡನ್ನಿಗೆ ನೇರವಾಗಿ ನಂಬರು ತಿರುಗಿಸಬಹುದಾಯಿತು. ೧೯೮೩ರಲ್ಲಿ ಟ್ರಂಕ್ ಕರೆಗಳಿಗಾಗಿ ಕಂಪ್ಯೂಟರಿನ ಹತೋಟಿಯ ಎಕ್ಸ್‌ಚೇಂಜು ದೇಶದಲ್ಲೇ ಮೊದಲು ಮುಂಬಯಿಗೆ ಬಂತು. ೧೯೮೬ರ ಏಪ್ರಿಲ್ ೧ರಿಂದ ನಗರದ ದೂರವಾಣಿಯು ಹೊಸದಾಗಿ ಸ್ಥಾಪಿತವಾದ ಮಹಾನಗರ ಟೆಲಿಫೋನ್ ನಿಗಮದ ಕೈಸೇರಿತು. ಮೇಲಿನ ಮೆಟ್ಟಿಲು ಹೀಗೆ ಥಳಥಳಿಸುತ್ತಿತ್ತು. ಮುಂಬಯಿಯಿಂದ ಲಂಡನ್ನಿಗೆ ಮಾತು ಸಲೀಸು, ಮುಂಬಯಿಯಿಂದ ಕರ್ನಾಟಕದ ಹಳ್ಳಿಗೆ ಕಷ್ಟ ಎಂಬ ವಿಪರೀತಕ್ಕೆ ಕಾರಣ ಹಳ್ಳಿಯ ಕೊನೆಯ ಮೆಟ್ಟಿಲೇ ಇರಲಿಲ್ಲವೆಂಬುದು. ವಿದೇಶದ ದೊಡ್ಡ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕು, ನಿಲ್ಲದ ವಿದ್ಯುತ್ತು ಬೇಕು. ನಮ್ಮ ಹಳ್ಳಿಗಳಲ್ಲಿದ್ದದ್ದು ಧೂಳು, ಸೆಕೆ ಮತ್ತು ಕಣ್ಣು ಮಿಟುಕಿಸುವ ದೀಪ.

ಆ ಕೊನೆಯ ಮೆಟ್ಟಿಲನ್ನು ಕಟ್ಟಲು ೧೯೮೪ರಲ್ಲಿ ಸ್ಥಾಪಿತವಾದ ಸಿ-ಡಾಟ್ ಎಂಬ ಸಂಶೋಧನ ಸಂಸ್ಥೆಯು ಕೈಹಾಕಿತು. ನಮ್ಮವರೇ ಆದ ತರುಣ ಎಂಜಿನಿಯರುಗಳು ಸೆಕೆ ಧೂಳುಗಳನ್ನು ತಾಳುವ, ಹವಾನಿಯಂತ್ರಣ ಬೇಡದ, ೧೨೮ ತಂತಿಗಳ ಪುಟ್ಟ ಗ್ರಾಮೀಣ ಎಕ್ಸ್‌ಚೇಂಜನ್ನು ರಚಿಸಿದರು. ಅದು ಮೊದಲು ಸ್ಥಾಪಿತವಾದದ್ದು ಎಲ್ಲಿ ಗೊತ್ತೆ? ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ, ೧೯೮೬ರ ಜುಲೈ ತಿಂಗಳಿನಲ್ಲಿ! ಅಂಥ ಪೆಟ್ಟಿಗೆಗಳು ಮುಂದಿನ ವರ್ಷಗಳಲ್ಲಿ ದೇಶದ ಸಾವಿರಾರು ಹಳ್ಳಿಗಳನ್ನು ಸೇರಿದವು. ಹಳ್ಳಿಯ ಮನೆಯ ಚಾವಡಿಯಲ್ಲಿ ದೂರವಾಣಿ ಬಂತು. ಈ ಕಡೆ ಬೀದಿ ಬೀದಿಗೆ ಹಳದಿ ಹಲಗೆಯ ಎಸ್. ಟಿ. ಡಿ. ಬೂತುಗಳು ತೆರೆದವು, ಅವುಗಳಲ್ಲಿ ಅನೇಕವನ್ನು ಅಂಗವಿಕಲರಿಗೆ ಆದ್ಯತೆಯ ಮೇಲೆ ಕೊಟ್ಟದ್ದರಿಂದ ಎಷ್ಟೋ ಸಂಸಾರಗಳಿಗೆ ಅನ್ನವೂ ಸಿಕ್ಕಿತು.

ಆ ಬೂತುಗಳ ರಾತ್ರಿಗಳನ್ನು ಮುಂಬಯಿಯ ಕನ್ನಡಿಗರು ಮರೆಯಲಾರರು. ದರವು ದೂರಕ್ಕೆ ತಕ್ಕಂತೆ. ಆ ದೂರವನ್ನು ಅಳೆಯುತ್ತಿದ್ದುದೂ ಹಳ್ಳಿಯಿಂದ ಹಳ್ಳಿಗಲ್ಲ, ಕೇಂದ್ರದಿಂದ ಕೇಂದ್ರಕ್ಕೆ. ದೂರ ಹೆಚ್ಚಿದಷ್ಟೂ ಮೀಟರು ಬೇಗ ಬೇಗ ಓಡುತ್ತಿತ್ತು. ರಾತ್ರಿ ಏರಿದಂತೆ ಅರ್ಧ ದರ, ಇನ್ನೂ ಏರಿದರೆ ಕಾಲು ದರ. ಹೋಟೆಲಿನ ಬಾಗಿಲು ಹಾಕಿ, ಕೈತೊಳೆದು, ಬೂತಿನ ಮುಂದೆ ಸಾಲಿನಲ್ಲಿ ನಿಂತು, ಗೋಡೆಯ ಕೆಂಪು ಅಂಕೆಗಳ ಮೇಲೆ ಒಂದು ಕಣ್ಣಿಟ್ಟು, ತುಳುವಿನಲ್ಲೋ ಕೊಂಕಣಿಯಲ್ಲೋ ಹುಬ್ಬಳ್ಳಿಯ ಕನ್ನಡದಲ್ಲೋ ಗಟ್ಟಿಯಾಗಿ ಮಾತನಾಡಿದವರು ಆ ಕಾಲದ ನಿಜವಾದ ಸಾಂಸ್ಕೃತಿಕ ರಾಯಭಾರಿಗಳು. ಊರಿನಲ್ಲಿ ನಿದ್ದೆ ಬಿಟ್ಟು ಅದೇ ಕರೆಗಾಗಿ ಎಚ್ಚರವಾಗಿದ್ದ ವೃದ್ಧರನ್ನೂ ಮರೆಯಬಾರದು. ದೂರವಾಣಿಯ ಗಂಟೆ ಈಗ ಭಯದ ಗಂಟೆಯಾಗಿ ಉಳಿಯಲಿಲ್ಲ. ಮೊದಲ ಬಾರಿಗೆ ಅದು ಕುಶಲ ಕೇಳಿತು.

ಮೆಟ್ಟಿಲು ಕರಗಿದಾಗ

ಅಮೆರಿಕದಲ್ಲಿ ೧೯೮೪ರಿಂದಲೇ ಐದು ಶ್ರೇಣಿಗಳ ಏಣಿಯನ್ನು ಕೆಡವತೊಡಗಿದರು. ಕಂಪ್ಯೂಟರುಗಳು ಹೊತ್ತು ಹೊತ್ತಿಗೆ ಎಲ್ಲಿ ದಾರಿ ಬಿಡುವಿದೆಯೆಂದು ನೋಡಿ ಮಾತನ್ನು ಕಳುಹಿಸುವಾಗ ಮೇಲಿನವರು ಕೆಳಗಿನವರು ಎಂಬ ಭೇದ ಬೇಕಿಲ್ಲ. ನಮ್ಮಲ್ಲಿಯೂ ಗಾಜಿನೆಳೆಯ ತಂತಿ ಬಂದು ದಾರಿಗಳು ಅಗಲವಾದವು. ೧೯೯೫ರಲ್ಲಿ ಮೊಬೈಲು ಬಂತು. ಅದಕ್ಕೂ ಗೋಪುರ, ಅದರ ಮೇಲಿನ ಕೇಂದ್ರ ಎಂಬ ತನ್ನದೇ ಏಣಿಯಿದೆಯಾದರೂ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಜೇಬಿಗೂ ತಾಗುವುದಿಲ್ಲ. ಪರವೂರಿನವರಾಗಿದ್ದ ಡೊಂಬಿವಲಿ, ಕಲ್ಯಾಣಗಳ ಮಂದಿ ಮೊಬೈಲಿನ ವಲಯದಲ್ಲಿ ಮುಂಬಯಿಯವರೇ ಆದರು. ೨೦೧೩ರ ಜುಲೈಯಲ್ಲಿ ತಂತಿ ಸೇವೆ ನಿಂತುಹೋಯಿತು. ೨೦೧೫ರ ಜುಲೈಯಿಂದ ದೇಶದ ಯಾವ ಮೂಲೆಗೆ ಹೋದರೂ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದಾಯಿತು. ಕುಂದಾಪುರದಲ್ಲಿ ಪಡೆದ ನಂಬರನ್ನು ಹುಡುಗ ಮುಂಬಯಿಯಲ್ಲಿಯೂ ತನ್ನದೆಂದು ಇಟ್ಟುಕೊಳ್ಳುತ್ತಾನೆ. ನಂಬರು ಈಗ ಮನೆಯ ವಿಳಾಸವನ್ನು ಹೇಳುವುದಿಲ್ಲ, ಮನುಷ್ಯನೊಡನೆ ನಡೆಯುತ್ತದೆ.

ಲಾಭವೇ ಹೆಚ್ಚು ಎಂಬುದರಲ್ಲಿ ಸಂಶಯವಿಲ್ಲ. ಮೂರು ನಿಮಿಷದ ಭಯವಿಲ್ಲ, ಕಾಲು ದರದ ಸಾಲಿಲ್ಲ, ಜವಾನ ಗದ್ದೆಯ ಬದುವಿನ ಮೇಲೆ ಓಡಬೇಕಿಲ್ಲ. ಆದರೆ ರಾಜ್ಯೋತ್ಸವದ ಈ ಹೊತ್ತಿನಲ್ಲಿ ಒಂದು ಮಾತು ಹೇಳದಿದ್ದರೆ ಲೇಖನ ಅಪೂರ್ಣವಾದೀತು. ತಂತಿ ಇಲ್ಲದ ಕಾಲದಲ್ಲಿ ಊರಿನ ಅಜ್ಜಿಗೂ ಮುಂಬಯಿಯ ಮೊಮ್ಮಗನಿಗೂ ನಡುವೆ ಇದ್ದ ಅಡ್ಡಿ ತಾಮ್ರದ್ದು, ದುಡ್ಡಿನದು, ಇಲಾಖೆಯ ಕಾಯುವ ಪಟ್ಟಿಯದು. ಅವನ್ನೆಲ್ಲ ವಿಜ್ಞಾನ ನಿವಾರಿಸಿತು. ಇಂದು ಉಳಿದಿರುವ ಅಡ್ಡಿ ಭಾಷೆಯೊಂದೇ. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಮೊಮ್ಮಗ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಎರಡು ಮಾತು ಹೇಳಿ ಫೋನನ್ನು ತಾಯಿಯ ಕೈಗೆ ಕೊಟ್ಟರೆ, ತಾಯಿಯೇ ನಡುವಿನ ಆಪರೇಟರು ಆಗಬೇಕಾಗುತ್ತದೆ. ಕಿತ್ತೂರಿನ ಪೆಟ್ಟಿಗೆಯನ್ನು ಎಂಜಿನಿಯರುಗಳು ಕಟ್ಟಿಕೊಟ್ಟರು. ಈ ಕೊಂಡಿಯನ್ನು ಕಟ್ಟಿಕೊಡುವ ಇಲಾಖೆ ಯಾವುದೂ ಇಲ್ಲ. ಅದು ನಮ್ಮ ಮನೆಗಳ ಕೆಲಸ, ನಮ್ಮ ಸಂಘಗಳ ಕನ್ನಡ ತರಗತಿಗಳ ಕೆಲಸ.

ಇನ್ನೊಂದು ಸಣ್ಣ ಬಿನ್ನಹ. ಟ್ರಂಕ್ ಕಾಲ್ ಬರೆಸಿ ಕಾದವರು, ಗಲ್ಲೆಯ ಫೋನಿನಿಂದ ಊರಿಗೆ ಸುದ್ದಿ ಮುಟ್ಟಿಸಿದವರು, ಟೆಲಿಫೋನು ಇಲಾಖೆಯಲ್ಲಿ ದುಡಿದು ನಿವೃತ್ತರಾದವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರ ನೆನಪುಗಳನ್ನು ಬರೆಸಿಕೊಳ್ಳೋಣ. ಪಿ. ಪಿ. ನಂಬರು ಅಚ್ಚಾದ ಹಳೆಯ ಕರೆಯೋಲೆ, ಸಂಘದ ಹಳೆಯ ಸದಸ್ಯರ ಪಟ್ಟಿ ಸಿಕ್ಕಿದರೆ ರದ್ದಿಗೆ ಹಾಕದೆ ಇಟ್ಟುಕೊಳ್ಳೋಣ. ಆ ಕೆಲಸವನ್ನು ಇಂದೇ ಆರಂಭಿಸಬಹುದು: ಊರಿಗೊಂದು ಕರೆ ಮಾಡಿ, ಮೊದಲ ಟ್ರಂಕ್ ಕಾಲ್ ಬಂದ ದಿನ ನೆನಪಿದೆಯೇ ಎಂದು ಹಿರಿಯರನ್ನು ಕನ್ನಡದಲ್ಲಿ ಕೇಳಿದರೆ ಸಾಕು. ಮೀಟರು ಓಡುತ್ತಿಲ್ಲ, ಅವರು ನಿಧಾನವಾಗಿ ಹೇಳಲಿ.